.32 ರಿವಾಲ್ವರೋ, .32 ಪಿಸ್ತೂಲೋ? ಗುಂಡಿನ ಬಲ ನೋಡಿ ಹೇಳ್ತೀನಿ

ಬೆಳಗಾವಿಯ ಕ್ಯಾಂಪ್‌ನಲ್ಲಿ ಗೆಳೆಯರೊಬ್ಬರಿಗೆ ಲೈಸೆನ್ಸ್ ಸಿಕ್ಕಿದೆ. "ಎರಡೂ .32 ಅಲ್ವಾ, ಏನು ವ್ಯತ್ಯಾಸ?" ಎಂದು ಕೇಳಿದರು. ಈ .32 ಅಂದರೆ ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ, ಹೆಚ್ಚುಕಮ್ಮಿ. ವ್ಯತ್ಯಾಸ ಇದೆ. ಒಂದರ ಗುಂಡು ಇನ್ನೊಂದಕ್ಕೆ ನಡೆಯುವುದಿಲ್ಲ.

ರಿವಾಲ್ವರಿನದು .32 ಎಸ್ ಆ್ಯಂಡ್ ಡಬ್ಲ್ಯೂ (ಸ್ಮಿತ್ ಆ್ಯಂಡ್ ವೆಸನ್) ಲಾಂಗ್. ಸೀಸದ ಗುಂಡಿನ ತೂಕ 98 ಗ್ರೇನ್ (ಸುಮಾರು 6.4 ಗ್ರಾಂ), ವೇಗ ಸೆಕೆಂಡಿಗೆ ಸುಮಾರು 215 ಮೀಟರ್, ಶಕ್ತಿ ಹೆಚ್ಚುಕಮ್ಮಿ 147 ಜೂಲ್. ಪಿಸ್ತೂಲಿನದು .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್). ಗುಂಡು ಹಗುರ, 71 ಗ್ರೇನ್. ಆದರೆ ವೇಗ ಸುಮಾರು 275 ಮೀಟರ್, ಶಕ್ತಿ 175 ಜೂಲ್ ಹತ್ತಿರ. ಲೆಕ್ಕದಲ್ಲಿ ಪಿಸ್ತೂಲೇ ಮುಂದೆ.

ನನಗೆ ಬೇಸರ ತರುವುದು ರಿವಾಲ್ವರ್ ಗುಂಡಿನ ಕಥೆ. ಅದರ ಕೇಸ್‌ನಲ್ಲಿ, ಅಂದರೆ ಮದ್ದು ತುಂಬುವ ಲೋಹದ ಕೋಶದಲ್ಲಿ, ಜಾಗ ಜಾಸ್ತಿ ಇದೆ, ಆದರೂ ಕಾರ್ಖಾನೆಗಳು ಮದ್ದನ್ನು ಮೆತ್ತಗೇ ತುಂಬುತ್ತವೆ. ಅದು 1896ರ ಗುಂಡು. ಆ ಕಾಲದ ಹಳೇ ರಿವಾಲ್ವರ್‌ಗಳು ಈಗಲೂ ಬಳಕೆಯಲ್ಲಿವೆ, ಅವು ಒಡೆಯಬಾರದು. ಅದಕ್ಕೇ ಒತ್ತಡದ ಮಿತಿ ಚದರ ಇಂಚಿಗೆ 15,000 ಪೌಂಡ್ ಮಾತ್ರ. ಎಸಿಪಿಗೆ 20,500. ರಿವಾಲ್ವರ್ ಗುಂಡಿನ ಇದೇ ಕೇಸನ್ನು ಸ್ವಲ್ಪ ಉದ್ದ ಮಾಡಿ, ಒತ್ತಡ ಏರಿಸಿ 1984ರಲ್ಲಿ .32 ಎಚ್ ಆ್ಯಂಡ್ ಆರ್ ಮ್ಯಾಗ್ನಮ್ ಎಂಬ ಹೊಸ ಗುಂಡು ತಂದರು. ಶಕ್ತಿ ಸುಮಾರು ಎರಡರಷ್ಟಾಯಿತು!

ಹಾಗಂತ ಮನೆಯಲ್ಲಿ ಮದ್ದು ಹೆಚ್ಚಿಸುವ ಸಾಹಸ ಬೇಡವೇ ಬೇಡ. ಕೈಯೇ ಹೋದೀತು.

ಪೆಟ್ಟಿಗೆ ಮೇಲಿನ ವೇಗ ನಂಬಿ ಕೂರಬೇಡಿ. ಗಿಡ್ಡ ನಳಿಕೆಯಲ್ಲಿ ಅದು ಇಳಿಯುತ್ತದೆ. ರಿವಾಲ್ವರಿನಲ್ಲಿ ಗುಂಡು ಕೂರುವ ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿಯಲ್ಲೂ ಸ್ವಲ್ಪ ಹೊಗೆ ಸೋರಿ ವೇಗ ತಗ್ಗುತ್ತದೆ.

ಆದರೂ ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಅಭ್ಯಾಸ ಮಾಡುವವರಿಗೆ ನಾನು ರಿವಾಲ್ವರನ್ನೇ ಹೇಳುತ್ತೇನೆ. ಒದೆತ ಕಡಿಮೆ, ಗುರಿ ಚೆನ್ನಾಗಿ ಕೂರುತ್ತದೆ. ಪಿಸ್ತೂಲಿಗೆ ಎಣ್ಣೆ, ಮ್ಯಾಗಜಿನ್, ಸ್ಪ್ರಿಂಗ್ ಎಲ್ಲದರ ಮೇಲೂ ಕಣ್ಣಿಡಬೇಕು. ಗೆಳೆಯರಿಗೂ ಅದನ್ನೇ ಹೇಳಿದೆ.