ಜೈಲಿಗೆ ಅಂಚೆಯಲ್ಲಿ ಬರುವ ಬೈಬಲ್ ಪಾಠ: ಐದಕ್ಕೆ ಮೂರೂವರೆ

ಒಳಗಿದ್ದಾಗ ಅಂಚೆಯಲ್ಲಿ ಬರುವ ಒಂದು ಬೈಬಲ್ ಪಾಠಕ್ಕೆ ಹೆಸರು ಕೊಟ್ಟು ಪೂರ್ತಿ ಮುಗಿಸಿದೆ. ನಡೆಸುವವರು ಯಾರು ಅಂತ ಹೇಳುವುದಿಲ್ಲ, ಯಾಕಂದ್ರೆ ಬೈಯುವುದೂ ಸ್ವಲ್ಪ ಇದೆ. ಕೈದಿಗಳಿಗೆ ಹೀಗೆ ಪಾಠ ಕಳಿಸುವವರು ಸುಮಾರು ಜನ ಇದ್ದಾರೆ, ಎಲ್ಲರ ಕ್ರಮವೂ ಹೆಚ್ಚುಕಡಿಮೆ ಇದೇ. ನಾನು ಯಾಕೆ ಜೈಲಿಗೆ ಹೋದೆ ಅನ್ನೋದು ಇಲ್ಲಿ ಬೇಡ.

ದುಡ್ಡು ಕೇಳುವುದಿಲ್ಲ. ಹೆಸರು, ಕೈದಿ ನಂಬರ್ ಬರೆದು ಕಳಿಸಿದರೆ ತೆಳ್ಳಗಿನ ಪುಸ್ತಿಕೆ ಬರುತ್ತದೆ, ಜೊತೆಗೆ ಒಂದು ಬೈಬಲ್. ಹೇಳಿದ ಅಧ್ಯಾಯ ಓದಿ, ಪ್ರಶ್ನೆಗಳಿಗೆ ಉತ್ತರ ಬರೆದು, ಆ ಹಾಳೆ ಹರಿದು ವಾಪಸ್ ಕಳಿಸಬೇಕು. ಯಾರೋ ತಿದ್ದಿ ಮುಂದಿನ ಪಾಠದ ಜೊತೆ ಕಳಿಸುತ್ತಾರೆ. ಪುಸ್ತಿಕೆಗೆ ಪಿನ್ ಹೊಡೆಯದೆ ಅಂಟಿಸಿದ್ದರು, ಬೈಬಲ್ಲಿಗೂ ಮೆತ್ತನೆಯ ರಟ್ಟು. ಜೈಲು ಗೊತ್ತಿರುವವರು ಮಾಡಿದ ಕೆಲಸ ಇದು ಅಂತ ನೋಡಿದ ಕೂಡಲೇ ತಿಳಿಯುತ್ತದೆ, ಎಷ್ಟೋ ಜೈಲುಗಳಲ್ಲಿ ಸ್ಟೇಪ್ಲರ್ ಪಿನ್ನೂ ಗಟ್ಟಿ ರಟ್ಟಿನ ಪುಸ್ತಕವೂ ಗೇಟ್ ದಾಟುವುದಿಲ್ಲ. ಅಕ್ಷರ ಮಾತ್ರ ತೀರಾ ಸಣ್ಣದು. ಸೆಲ್ಲಿನ ಬೆಳಕಲ್ಲಿ ಕಣ್ಣು ನೋಯುತ್ತದೆ.

ಪಾಠಗಳು ಸಾಧಾರಣ. ಪ್ರಶ್ನೆಗಳು ಇನ್ನೂ ಸಾಧಾರಣ. ‘ಪೌಲನನ್ನೂ ಸೀಲನನ್ನೂ ಎಲ್ಲಿಗೆ ಹಾಕಿದರು?’ ಅಂತ ಕೇಳಿ ಮೂರು ಉತ್ತರ ಕೊಟ್ಟಿರುತ್ತಾರೆ, ಅದರಲ್ಲಿ ಒಂದು ಜೈಲು. ನಮ್ಮನ್ನು ಕೇಳುವ ಪ್ರಶ್ನೆಯಾ ಇದು!

ಆ ಕಥೆ ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದ 16ನೇ ಅಧ್ಯಾಯದ್ದು. ಫಿಲಿಪ್ಪಿ ಅನ್ನೋ ಊರಲ್ಲಿ, ಯೇಸುವಿನ ಸುದ್ದಿ ಸಾರುತ್ತಿದ್ದ ಈ ಇಬ್ಬರಿಗೂ ಹೊಡೆದು, ಕಾಲಿಗೆ ಕೋಳ ಹಾಕಿ ಒಳಗೆ ತಳ್ಳುತ್ತಾರೆ. ನಡುರಾತ್ರಿ ಅವರು ಹಾಡುತ್ತಿರುವಾಗ ಭೂಮಿ ಅದುರಿ ಬಾಗಿಲೆಲ್ಲ ತೆರೆದುಕೊಳ್ಳುತ್ತದೆ. ಪಾಠ ಅಲ್ಲಿಗೇ ನಿಲ್ಲಿಸಿ, ನಂಬಿದರೆ ಬಾಗಿಲು ತೆರೆಯುತ್ತದೆ ಅಂತ ಬರೆದುಬಿಟ್ಟಿದೆ. ಆದರೆ ಬೈಬಲ್ಲಿನಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೈದಿಗಳು ಓಡಿಹೋದರು ಅಂದುಕೊಂಡು ಜೈಲಿನ ಅಧಿಕಾರಿ ಕತ್ತಿ ಹಿಡಿದು ಸಾಯಲು ಹೊರಡುತ್ತಾನೆ, ಪೌಲ ಕೂಗಿ, ನಾವೆಲ್ಲ ಇಲ್ಲೇ ಇದ್ದೇವೆ ಅಂತ ಅವನನ್ನು ತಡೆಯುತ್ತಾನೆ. ಬಾಗಿಲು ತೆರೆದಿದ್ದರೂ ಯಾರೂ ಹೋಗಿರಲಿಲ್ಲ. ಆಮೇಲೆ ಆ ಅಧಿಕಾರಿಯೇ ಅದೇ ರಾತ್ರಿ ಇವರ ಗಾಯ ತೊಳೆಯುತ್ತಾನೆ. ಜೈಲಲ್ಲಿರುವವನಿಗೆ ನಿಜವಾಗಿ ಬೇಕಾದ ಭಾಗ ಇದು, ಅದನ್ನೇ ಬಿಟ್ಟಿದ್ದಾರೆ.

ಬಾಗಿಲು ತೆರೆಯುತ್ತದೆ ಅನ್ನೋ ಮಾತು ನನಗೆ ಸಿಟ್ಟು ತರಿಸಿತು. ಜಾಮೀನು ಅರ್ಜಿ ಬಿದ್ದುಹೋದ ಸಮಯ ಅದು. ಉತ್ತರದ ಹಾಳೆಯ ಅಂಚಿನಲ್ಲಿ, ‘ನಾನೂ ಪ್ರಾರ್ಥನೆ ಮಾಡಿದೆ, ಏನೂ ತೆರೆಯಲಿಲ್ಲ, ಈಗ ಏನು ಬರೆಯಲಿ’ ಅಂತ ಗೀಚಿ ಕಳಿಸಿದೆ.

ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯಿತು. ಹೋಗುವ ಕಾಗದವನ್ನೂ ಬರುವ ಕಾಗದವನ್ನೂ ಜೈಲಿನವರು ಓದಿಯೇ ಬಿಡುತ್ತಾರೆ. ಆದರೆ ಬಂದದ್ದು ಕೈಬರಹದ ಒಂದು ಹಾಳೆ, ‘ಪ್ರಿಯ ಸಹೋದರರೇ’ ಅಂತ ಶುರು. ಬುದ್ಧಿಮಾತು ಇರಲಿಲ್ಲ. ಮತ್ತಾಯ 11 ಓದಿ, ಆಮೇಲೆ 88ನೇ ಕೀರ್ತನೆ ಓದಿ, ಏನನ್ನಿಸಿತೋ ಹಾಗೇ ಬರೆಯಿರಿ ಅಂತ ಅಷ್ಟೇ.

ಮತ್ತಾಯ 11ರಲ್ಲಿ ಸ್ನಾನಿಕ ಯೋಹಾನ ಜೈಲಲ್ಲಿದ್ದಾನೆ. ಯೇಸುವಿಗೆ ದಾರಿ ಮಾಡಿಕೊಟ್ಟವನೇ ಅವನು. ಅಂಥವನೇ ಶಿಷ್ಯರನ್ನು ಕಳಿಸಿ, ಬರಬೇಕಾದವನು ನೀನೇನಾ ಅಥವಾ ಬೇರೆಯವರಿಗೆ ಕಾಯಬೇಕಾ ಅಂತ ಕೇಳಿಸುತ್ತಾನೆ. ಯೇಸು ಬೈಯುವುದಿಲ್ಲ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಹೋಗಿ ಹೇಳಿ ಅನ್ನುತ್ತಾನೆ, ಜನರ ಮುಂದೆ ಯೋಹಾನನನ್ನು ಹೊಗಳುತ್ತಾನೆ. ಬಿಡಿಸಿಕೊಂಡು ಬರುವುದೂ ಇಲ್ಲ. ಯೋಹಾನನ ತಲೆ ಕಡಿಸುತ್ತಾರೆ. 88ನೇ ಕೀರ್ತನೆಯಂತೂ ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಸಾಲು ಇಲ್ಲ.

ನನ್ನ ನಂಬಿಕೆ ಹಿಡಿದುಕೊಂಡದ್ದು ಅಲ್ಲಿಂದ. ಸಂಶಯ ಬಂದವನನ್ನು ಹೊರಗೆ ಹಾಕದ ಪುಸ್ತಕ ಇದು ಅಂತ ಅನ್ನಿಸಿತು, ಅದನ್ನು ತೋರಿಸಿಕೊಟ್ಟದ್ದು ಅಚ್ಚು ಹಾಕಿದ ಪಾಠವಲ್ಲ, ಮುಖ ನೋಡಿರದ ಒಬ್ಬ ಮನುಷ್ಯ. ಹಾಗಾಗಿ ಮೂರೂವರೆಯಲ್ಲಿ ಮೂರು ಅಂಕ ಆ ಕೈಬರಹಕ್ಕೆ. ಎಲ್ಲರಿಗೂ ಇಂಥವರೇ ಸಿಗುವುದಿಲ್ಲ ಬಿಡಿ. ಪಕ್ಕದ ಸೆಲ್ಲಿನವನ ಹಾಳೆ ಬರೀ ಸರಿ-ತಪ್ಪು ಗುರುತು ಹಾಕಿಕೊಂಡು ಬರುತ್ತಿತ್ತು, ಅವನು ಅರ್ಧಕ್ಕೇ ಬಿಟ್ಟ.

ದೊಡ್ಡ ಕೊರತೆ ಒಂದಿದೆ. ಕ್ಷಮೆ ಸಿಕ್ಕಿತು, ಹೊಸ ಮನುಷ್ಯನಾದೆ ಅಂತ ಪಾಠ ಬೇಗ ಬೇಗ ಹೇಳಿಬಿಡುತ್ತದೆ, ಯಾರಿಗೆ ನೋವಾಯಿತೋ ಅವರ ಮಾತೇ ಇಲ್ಲ. ಲೂಕ 19ರ ಸುಂಕ ವಸೂಲಿಗಾರ ಜಕ್ಕಾಯನ ಕಥೆ ಇದೆ, ಆದರೆ ಕೇಳಿದ ಪ್ರಶ್ನೆ ಅವನು ಯಾಕೆ ಮರ ಹತ್ತಿದ ಅಂತ. ಮೋಸ ಮಾಡಿ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಅವನು ಎದ್ದು ನಿಂತು ಹೇಳಿದ್ದು ಮುಖ್ಯ ಅಲ್ವಾ? ಅದೇ ಮರದ ಹೆಸರಿಟ್ಟುಕೊಂಡ ‘ಸಿಕಮೋರ್ ಟ್ರೀ’ ಅನ್ನೋ ಕಾರ್ಯಕ್ರಮವನ್ನು, ಕೈದಿಗಳಿಗಾಗಿ ಕೆಲಸ ಮಾಡುವ ಕ್ರೈಸ್ತ ಸಂಸ್ಥೆ ಪ್ರಿಸನ್ ಫೆಲೋಶಿಪ್‌ನವರು ಬೇರೆ ಬೇರೆ ದೇಶಗಳ ಜೈಲುಗಳಲ್ಲಿ ನಡೆಸುತ್ತಾರೆ. ಅಪರಾಧದಿಂದ ನೊಂದವರೂ ಕೈದಿಗಳೂ ಕೆಲವು ವಾರ ಎದುರುಬದುರು ಕೂತು ಮಾತಾಡುತ್ತಾರೆ. ತನ್ನದೇ ಪ್ರಕರಣದವರು ಬಂದಿರುವುದಿಲ್ಲ, ಆದರೂ ಎದುರಿಗೆ ಕೂತು ಕೇಳುವುದು ಸುಮ್ನೆ ಅಲ್ಲ. ನಿಮ್ಮ ಜೈಲಲ್ಲಿ ಅದು ಇದ್ದರೆ ಅಂಚೆ ಪಾಠಕ್ಕಿಂತ ಮೊದಲು ಅದಕ್ಕೆ ಹೆಸರು ಕೊಡಿ.

ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರೆ. ಪೆರೋಲ್ ಕೇಳುವಾಗ ತೋರಿಸಲಿಕ್ಕೆ ಅಂತಲೇ ಸೇರುವವರಿದ್ದಾರೆ, ನನಗೆ ಅದರಲ್ಲಿ ತಕರಾರಿಲ್ಲ, ಆ ನೆಪದಲ್ಲಾದರೂ ಓದುತ್ತಾರೆ. ಜೈಲಿನ ಭಕ್ತಿ ಗೇಟ್ ದಾಟುವವರೆಗೆ ಮಾತ್ರ ಅಂತ ನಗುವವರು ಯಾವಾಗಲೂ ಇರುತ್ತಾರೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ಹತ್ತಿರ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕೋಲ್ಸನ್ ಯೇಸುವನ್ನು ನಂಬಿದೆ ಅಂದಾಗಲೂ ಪತ್ರಿಕೆಗಳು ಗೇಲಿ ಮಾಡಿದ್ದವು. ಅವರು 1974ರಲ್ಲಿ ತಪ್ಪೊಪ್ಪಿಕೊಂಡು ಏಳು ತಿಂಗಳು ಜೈಲಲ್ಲಿದ್ದರು, ಹೊರಬಂದು 1976ರಲ್ಲಿ ಪ್ರಿಸನ್ ಫೆಲೋಶಿಪ್ ಕಟ್ಟಿದರು, 2012ರಲ್ಲಿ ಸಾಯುವವರೆಗೂ ಆ ಕೆಲಸ ಬಿಡಲಿಲ್ಲ.

ಬಿಡುಗಡೆಯಾದ ಮೇಲೆ ಪಾಠದವರ ಕಡೆಯಿಂದ ಏನೂ ಇಲ್ಲ. ತಿದ್ದುವವರು ತಮ್ಮ ವಿಳಾಸ ಕೊಡುವಂತಿಲ್ಲ, ಕಾಗದ ಎಲ್ಲ ಕಚೇರಿಯ ಮೂಲಕವೇ ಹೋಗಬೇಕು. ಕಾರಣ ಅರ್ಥವಾಗುತ್ತದೆ. ಆದರೆ ಹೊರಗೆ ಹೋಗಿ ಯಾವ ಚರ್ಚ್ ಸೇರಬಹುದು, ಅಲ್ಲಿ ಯಾರ ಹತ್ತಿರ ಮೊದಲು ಮಾತಾಡಬಹುದು ಅಂತ ಕಚೇರಿಯವರೇ ಒಂದು ಸಾಲು ಬರೆದಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ವಾರಗಟ್ಟಲೆ ಹಿಂದಿನ ಬೆಂಚಲ್ಲಿ ಕೂತು, ಆರಾಧನೆ ಮುಗಿಯುವ ಮೊದಲೇ ಎದ್ದು ಬರುತ್ತಿದ್ದೆ.

ಒಳಗಿರುವ ಮನೆಯವರಿಗಾಗಿ ಹೆಸರು ಕೊಡುವವರು ಕೈದಿ ನಂಬರ್ ಸರಿಯಾಗಿ ಬರೆಯಿರಿ. ಬೇರೆ ಜೈಲಿಗೆ ಹಾಕಿದರೆ ಹೊಸ ವಿಳಾಸ ತಕ್ಷಣ ತಿಳಿಸಿ, ಇಲ್ಲದಿದ್ದರೆ ಪಾಠ ಹಳೇ ಜೈಲಿಗೇ ಹೋಗಿ ವಾಪಸಾಗುತ್ತದೆ. ದೊಡ್ಡಕ್ಷರದ ಬೈಬಲ್ ಬೇಕು ಅಂತಲೂ ಕೇಳಿ ನೋಡಿ.