ಲೈಫ್‌ಟೈಮ್ ಅಲೈನ್‌ಮೆಂಟ್ ಪ್ಲಾನ್: ಎರಡನೇ ಸಲಕ್ಕೇ ದುಡ್ಡು ಹುಟ್ಟುತ್ತದೆ, ಆದರೆ ಯಾರಿಗೆ?

ಅಮೆರಿಕದಲ್ಲಿ ಕಾಸ್ಟ್‌ಕೋ ಎಂಬ ದೊಡ್ಡ ಅಂಗಡಿಯಲ್ಲಿ ಟೈರ್ ಹಾಕಿಸಿದವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಕಾಸ್ಟ್‌ಕೋದವರು ಟೈರ್ ಕೂರಿಸುತ್ತಾರೆ, ಬ್ಯಾಲೆನ್ಸ್ ಮಾಡುತ್ತಾರೆ, ಆಮೇಲೆ ರೊಟೇಶನ್ನೂ (ಟೈರುಗಳ ಜಾಗ ಅದಲುಬದಲು) ಮಾಡಿಕೊಡುತ್ತಾರೆ. ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ ಸರಿಪಡಿಸುವ ಕೆಲಸ, ಮಾತ್ರ ಮಾಡುವುದಿಲ್ಲ. ಡಿಸ್ಕೌಂಟ್ ಟೈರ್ ಎಂಬ ಟೈರ್ ಅಂಗಡಿಗಳಲ್ಲೂ ಅಷ್ಟೇ. ಹೊಸ ಟೈರ್ ಹಾಕಿಸಿಕೊಂಡು ಅಲೈನ್‌ಮೆಂಟ್‌ಗೆ ಇನ್ನೊಂದು ಅಂಗಡಿಗೆ ಹೋಗಬೇಕು. ಅಲ್ಲಿ ಕೌಂಟರಿನವರು ಕೇಳುವುದು: ಒಂದು ಸಲಕ್ಕೆ ಸಾಕೋ, ಲೈಫ್‌ಟೈಮ್ ಬೇಕೋ?

ಇಂಥ ಪ್ಲಾನ್‌ಗಳಲ್ಲಿ ಹೆಚ್ಚು ಜನರಿಗೆ ಗೊತ್ತಿರುವುದು ಫೈರ್‌ಸ್ಟೋನ್ ಕಂಪ್ಲೀಟ್ ಆಟೋ ಕೇರ್ ಎಂಬ ಗ್ಯಾರೇಜ್ ಸರಣಿಯವರದ್ದು. ಒಂದು ಸಲ ದುಡ್ಡು ಕಟ್ಟಿದರೆ ಆ ಕಾರು ನಿಮ್ಮ ಹೆಸರಿನಲ್ಲಿ ಇರುವವರೆಗೆ ಅಲೈನ್‌ಮೆಂಟ್‌ಗೆ ಮತ್ತೆ ಕೊಡಬೇಕಿಲ್ಲ. 'ಲೈಫ್‌ಟೈಮ್' ಎಂದರೆ ನಿಮ್ಮ ಆಯುಷ್ಯವಲ್ಲ, ಕಾರಿನ ಆಯುಷ್ಯವೂ ಅಲ್ಲ, ನಿಮ್ಮಿಬ್ಬರ ಸಂಬಂಧದ ಆಯುಷ್ಯ. ಕಾರು ಮಾರಿದ ದಿನ ಪ್ಲಾನೂ ಮುಗಿಯಿತು. ಕೊಂಡವರಿಗೆ ದಾಟುವುದಿಲ್ಲ, ನಿಮ್ಮ ಮುಂದಿನ ಕಾರಿಗೂ ಬರುವುದಿಲ್ಲ.

ಲೆಕ್ಕ ನೋಡೋಣ. ದರ ಊರಿಂದ ಊರಿಗೆ, ಕೂಪನ್‌ನಿಂದ ಕೂಪನ್‌ಗೆ ಬದಲಾಗುತ್ತದೆ. ಲೆಕ್ಕಕ್ಕೆಂದು ಒಂದು ಸಲದ್ದು 120 ಡಾಲರ್, ಲೈಫ್‌ಟೈಮ್ 220 ಡಾಲರ್ ಅಂತ ಇಟ್ಟುಕೊಳ್ಳಿ. ಎರಡನೇ ಸಲ ಹೋದಾಗಲೇ 20 ಡಾಲರ್ ಉಳಿತಾಯ, ಮೂರನೇ ಸಲಕ್ಕೆ 140. ನೂರಾರು ರೂಪಾಯಿಗೆ ಅಲೈನ್‌ಮೆಂಟ್ ಮುಗಿಯುವ ಬೆಂಗಳೂರಿನಲ್ಲಿ ಇಂಥ ಪ್ಲಾನಿನ ಯೋಚನೆಯೇ ಬರುವುದಿಲ್ಲ. ಮೆಕ್ಯಾನಿಕ್‌ನ ಗಂಟೆ ದರ ನೂರು ಡಾಲರ್ ದಾಟಿರುವ ಕಡೆ ಬರುತ್ತದೆ. ಆದರೆ ಈ ಲೆಕ್ಕದಲ್ಲಿ ಒಂದು ತೂತಿದೆ. ಆರು ತಿಂಗಳಿಗೊಮ್ಮೆ ಅಪಾಯಿಂಟ್‌ಮೆಂಟ್ ಮಾಡಿ, ಒಂದು ಗಂಟೆ ಕಾದು ಕೂತು ಮಾಡಿಸುವವರಿಗಷ್ಟೇ ಅದು ನಿಜ. ಜಿಮ್ ಮೆಂಬರ್‌ಶಿಪ್ ತೆಗೆದುಕೊಂಡು ಮನೆಯಲ್ಲಿ ಕೂರುವವರಿಗೆ ಅಂಗಡಿಯವರು ಕೈಮುಗಿಯುತ್ತಾರೆ.

ಉಳಿತಾಯ ನಿಜವಾಗಿ ಆಗುವುದು ಅಲೈನ್‌ಮೆಂಟ್ ಬಿಲ್ಲಿನಲ್ಲಲ್ಲ, ಟೈರಿನಲ್ಲಿ. ಅಲೈನ್‌ಮೆಂಟ್‌ನಲ್ಲಿ ಹೊಂದಿಸುವ ಕೋನಗಳಲ್ಲಿ ಒಂದು ಟೋ. ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಒಂದು ಚಕ್ರ ಓಡುವ ದಿಕ್ಕಿನಿಂದ 0.2 ಡಿಗ್ರಿ ತಿರುಗಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಕಾರು ಒಂದು ಮೈಲಿ ಮುಂದೆ ಹೋಗುವಷ್ಟರಲ್ಲಿ ಆ ಟೈರು ಸುಮಾರು 18 ಅಡಿ ಅಡ್ಡಕ್ಕೆ ಉಜ್ಜಿಕೊಂಡಂತೆ ಲೆಕ್ಕ. ಆರು ಸಾವಿರ ಮೈಲಿಗೆ 21 ಮೈಲಿ ಅಡ್ಡ ಓಟ! ನಾಲ್ಕು ಒಳ್ಳೆ ಟೈರಿಗೆ ಏಳೆಂಟು ನೂರು ಡಾಲರ್ ಬೀಳುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಟೈರ್ ಕಂಪನಿಯ ಮೈಲೇಜ್ ವಾರಂಟಿ ಕೂಡ ಒಂದೇ ಬದಿ ಸವೆದ ಟೈರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಟೋ ಕೆಟ್ಟಿದೆಯೇ ಎಂದು ನೋಡಲು ಮೆಷಿನ್ ಬೇಕಿಲ್ಲ. ಕಾರು ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಅಡ್ಡ ಎಳೆಯಿರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಕೈಗೆ ತಡೆದರೆ ಅದು ಟೋ. ಟೈರಿನ ಒಂದು ಅಂಚು ಮಾತ್ರ ನುಣ್ಣಗಾಗಿದ್ದು ಉಳಿದ ಭಾಗ ಚೆನ್ನಾಗಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅಥವಾ ತುಂಬಾ ಕೆಟ್ಟ ಟೋ. ಕ್ಯಾಸ್ಟರ್‌ನಿಂದ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ಟೈರ್ ಅಷ್ಟಾಗಿ ಸವೆಯುವುದಿಲ್ಲ. ಎಡ ಬಲ ಹೆಚ್ಚುಕಮ್ಮಿಯಾದರೆ ಕಾರು ಒಂದು ಕಡೆಗೆ ಎಳೆಯುತ್ತದೆ.

ಪ್ಲಾನ್ ತೆಗೆದುಕೊಂಡವರು ಕಲಿಯಲೇಬೇಕಾದದ್ದು ಕೊನೆಗೆ ಕೊಡುವ ಪ್ರಿಂಟ್‌ಔಟ್ ಓದುವುದನ್ನು. ಕೊಡದಿದ್ದರೆ ಕೇಳಿ ಪಡೆಯಿರಿ. ಸಾಮಾನ್ಯವಾಗಿ ಪ್ರತಿ ಚಕ್ರಕ್ಕೂ ಮೂರು ಅಂಕಿ ಇರುತ್ತವೆ: ಮಾಡುವ ಮುಂಚಿನದು, ಮಾಡಿದ ಮೇಲಿನದು, ಕಾರು ಕಂಪನಿ ಒಪ್ಪುವ ಮಿತಿ. ಮಿತಿಯೊಳಗಿದ್ದರೆ ಹಸಿರು, ಹೊರಗಿದ್ದರೆ ಕೆಂಪು. ಹಸಿರು ನೋಡಿ ಖುಷಿಪಟ್ಟು ಎದ್ದು ಬರುವುದೇ ಎಲ್ಲರೂ ಮಾಡುವ ತಪ್ಪು. ಒಂದು ಉದಾಹರಣೆ ತೆಗೆದುಕೊಳ್ಳಿ. ಮುಂದಿನ ಎಡ ಟೋ +0.26, ಬಲ ಟೋ −0.10, ಒಟ್ಟು 0.16 (+ ಎಂದರೆ ಒಳಕ್ಕೆ, − ಎಂದರೆ ಹೊರಕ್ಕೆ). ಒಟ್ಟು ಟೋದ ಮಿತಿ 0.20 ಇದ್ದರೆ ಆ ಸಾಲು ಹಸಿರೇ. ಆದರೆ ಇದರ ಅರ್ಥ, ಸ್ಟೇರಿಂಗ್ ನೇರ ಹಿಡಿದಾಗ ಎರಡೂ ಚಕ್ರ ಸರಾಸರಿ 0.18 ಡಿಗ್ರಿ ಬಲಕ್ಕೆ ನೋಡುತ್ತಿವೆ. ರಸ್ತೆಯಲ್ಲಿ ನೇರ ಹೋಗಬೇಕಾದರೆ ನೀವು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ಹಿಡಿಯಬೇಕು. ಸ್ಟೇರಿಂಗ್ ಅನುಪಾತ 15 ಇದ್ದ (ಚಕ್ರ ಒಂದು ಡಿಗ್ರಿ ತಿರುಗಲು ಸ್ಟೇರಿಂಗ್ 15 ಡಿಗ್ರಿ ತಿರುಗಬೇಕಾದ) ಕಾರಿನಲ್ಲಿ ಅದು ಹತ್ತಿರ ಹತ್ತಿರ 3 ಡಿಗ್ರಿ. ಟೈರ್ ಸವೆಯುವುದಿಲ್ಲ, ಏಕೆಂದರೆ ನೇರ ಓಡುವಾಗ ಎರಡೂ ಚಕ್ರ 0.08ರಂತೆ ಸಮ ಹಂಚಿಕೊಳ್ಳುತ್ತವೆ. ಆದರೆ ಸ್ಟೇರಿಂಗ್ ಸೊಟ್ಟ. 'ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ, ಸ್ಟೇರಿಂಗ್ ಸೊಟ್ಟಗಿದೆ' ಎನ್ನುವ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ: ಕೆಲಸ ಶುರು ಮಾಡುವ ಮುಂಚೆ ಸ್ಟೇರಿಂಗ್ ನೇರ ಇಟ್ಟು ಹೋಲ್ಡರ್ ಹಾಕಿ ಬಿಗಿದಿಲ್ಲ. ವಾಪಸ್ ಹೋಗಿ ಸರಿಮಾಡಿಸಿ. ಇದಕ್ಕೆ ಮತ್ತೆ ದುಡ್ಡು ಕೇಳುವ ಹಾಗಿಲ್ಲ.

ಅದೇ ಹಾಳೆಯಲ್ಲಿ ಹಿಂದಿನ ಚಕ್ರಗಳ ಸಾಲಿನಲ್ಲಿ ಥ್ರಸ್ಟ್ ಆಂಗಲ್ ಅಂತ ಒಂದು ಇರುತ್ತದೆ: ಹಿಂದಿನ ಚಕ್ರಗಳು ಕಾರನ್ನು ತಳ್ಳುವ ದಿಕ್ಕು ನೇರದಿಂದ ಎಷ್ಟು ಓರೆ ಎನ್ನುವ ಕೋನ. ಹಿಂದಿನ ಎಡ ಟೋ 0.20, ಬಲ ಟೋ 0.00 ಆಗಿದ್ದರೆ ಥ್ರಸ್ಟ್ 0.10. ಇದು ಹೆಚ್ಚಾದಷ್ಟೂ ಕಾರು ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಮೊದಲು ಹಿಂದಿನದು ಸರಿಮಾಡಿ ಆಮೇಲೆ ಮುಂದಿನದನ್ನು ಮುಟ್ಟಬೇಕು. ಮುಂದಿನ ಎರಡು ಅಂಕಿ ಮಾತ್ರ ಬದಲಾಗಿ ಹಿಂದಿನವು ಕೆಂಪಾಗೇ ಉಳಿದಿದ್ದರೆ ಅರ್ಧ ಕೆಲಸ ಆಗಿದೆ ಎಂದೇ ಲೆಕ್ಕ, ಅಥವಾ ನಿಮ್ಮ ಕಾರಿನಲ್ಲಿ ಅಲ್ಲಿ ಹೊಂದಿಸಲು ಏನೂ ಇಲ್ಲ.

ಈ 'ಏನೂ ಇಲ್ಲ' ಎನ್ನುವುದು ಪ್ಲಾನ್ ಕೊಳ್ಳುವ ಮುಂಚೆ ತಿಳಿದಿರಬೇಕಾದ ಸಂಗತಿ. ಹೋಂಡಾ ಫಿಟ್‌ನಂಥ ಕಾರಿನ ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರಗಳನ್ನು ಸೇರಿಸುವ ಒಂದೇ ತೊಲೆ) ಇದೆ; ತೆಳು ಶಿಮ್ (ಲೋಹದ ಬಿಲ್ಲೆ) ಇಟ್ಟರೆ ಉಂಟು, ಇಲ್ಲದಿದ್ದರೆ ಹಿಂದೆ ಹೊಂದಾಣಿಕೆ ಇಲ್ಲ. ಕ್ಯಾಮ್ರಿ, ಸಿವಿಕ್ ಥರದ ಕಾರುಗಳ ಮುಂದೆ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬ) ಇರುವುದರಿಂದ ಸಾಮಾನ್ಯ ಬೋಲ್ಟ್ ಇರುವವರೆಗೆ ಕ್ಯಾಂಬರ್ ಬದಲಾಯಿಸಲು ದಾರಿ ಕಮ್ಮಿ. ಕ್ಯಾಂಬರ್ ಬೋಲ್ಟ್ ಬೇರೆ ಕೊಂಡು ಹಾಕಿಸಬೇಕು. ಟೆಸ್ಲಾ ಮಾಡೆಲ್ ವೈ ಹಿಂದಿನ ಟೈರಿನ ಒಳ ಅಂಚು ತಿನ್ನುತ್ತದೆ ಎನ್ನುವುದು ಅದರ ಮಾಲೀಕರಿಗೆ ಗೊತ್ತಿರುವ ವಿಷಯ. ಹಿಂದಿನ ಕ್ಯಾಂಬರ್‌ಗೆ ಕಾರ್ಖಾನೆಯಿಂದ ಬಂದ ಹೊಂದಾಣಿಕೆಯೇ ಇಲ್ಲ, ಹೊರಗಿನ ಕಂಪನಿಯ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಹಾಕಿಸಬೇಕು. ಈ ಬಿಡಿಭಾಗ ಯಾವುದೂ ಪ್ಲಾನಿನಲ್ಲಿ ಬರುವುದಿಲ್ಲ. ಪ್ಲಾನ್ ಕೊಡುವುದು ಕೆಲಸ ಮಾತ್ರ, ಅದೂ ಕಾರಿನಲ್ಲಿ ತಿರುಗಿಸಲು ನಟ್ಟು ಬೋಲ್ಟು ಇದ್ದ ಕಡೆ ಮಾತ್ರ.

ಇನ್ನು ತುಕ್ಕು. ಮಿಶಿಗನ್, ಮಿನ್ನೆಸೋಟ, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಇರುವವರು ಇದನ್ನು ಗಮನವಿಟ್ಟು ಓದಿ. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ಹಿಂದಿನ ಆರ್ಮಿನ ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಚಕ್ರದ ಕೋನ ಬದಲಾಗುವ ಬೋಲ್ಟ್) ಒಳಗೆ ಸೇರಿ, ಬೋಲ್ಟೂ ಅದನ್ನು ಸುತ್ತಿದ ರಬ್ಬರ್ ಬುಷ್‌ನ ಒಳಗಿನ ಕಬ್ಬಿಣದ ಕೊಳವೆಯೂ ಒಂದೇ ತುಂಡಾಗಿಬಿಡುತ್ತವೆ. ಸ್ಪ್ಯಾನರ್ ಹಾಕಿದರೆ ಬೋಲ್ಟ್ ತಿರುಗುವುದಿಲ್ಲ, ಬುಷ್ ರಬ್ಬರ್ ಸಮೇತ ತಿರುಚಿಕೊಳ್ಳುತ್ತದೆ. ಗರಗಸದಿಂದ ಕೊಯ್ದು ತೆಗೆಯಬೇಕು. ಬೋಲ್ಟು, ಬುಷ್ಷು, ಕೆಲವೊಮ್ಮೆ ಆರ್ಮೇ ಹೊಸದು. ಹತ್ತು ಹನ್ನೆರಡು ವರ್ಷದ ಕಾರಿಗೆ ಪ್ಲಾನ್ ಕೊಂಡು ಮೊದಲ ದಿನವೇ ಇಂಥ 500 ಡಾಲರಿನ ಎಸ್ಟಿಮೇಟ್ ಬಂದರೆ ಮೂಗಿಗಿಂತ ಮೂಗುತಿ ಭಾರ. ಅದಕ್ಕೇ ದುಡ್ಡು ಕಟ್ಟುವ ಮುಂಚೆ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಟೈ ರಾಡ್ (ಸ್ಟೇರಿಂಗನ್ನು ಮುಂದಿನ ಚಕ್ರಕ್ಕೆ ಜೋಡಿಸುವ ಸರಳು) ಲಾಕ್ ನಟ್ಟೂ ಹಿಂದಿನ ಕ್ಯಾಮ್ ಬೋಲ್ಟೂ ಬಿಚ್ಚುತ್ತವೆಯೇ ನೋಡಿ ಅಂತ ಹೇಳಿ. ಹೊಸ ಕಾರಾದರೆ ಮೊದಲ ಸಲ ಹೋದಾಗಲೇ ಕ್ಯಾಮ್ ಬೋಲ್ಟಿಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಹಚ್ಚಿಸಿಕೊಳ್ಳಿ. ಹತ್ತು ವರ್ಷದ ನಂತರ ಬರುವ ತಲೆನೋವು ಅಲ್ಲೇ ತಪ್ಪುತ್ತದೆ.

ಮುಂದಿನ ಟೋ ಹೊಂದಿಸುವುದು ಹೀಗೆ: ಟೈ ರಾಡ್‌ನ ಲಾಕ್ ನಟ್ ಸಡಿಲಿಸಿ, ಒಳಗಿನ ರಾಡನ್ನು ತಿರುಗಿಸಿ, ಅಂಕಿ ಬಂದ ಮೇಲೆ ಲಾಕ್ ನಟ್ ಬಿಗಿಯುವುದು. ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಸ್ಟೇರಿಂಗ್ ರ‍್ಯಾಕಿನ ರಬ್ಬರ್ ಬೂಟು ರಾಡಿಗೆ ಅಂಟಿಕೊಂಡಿದ್ದರೆ ಅದೂ ತಿರುಚಿ, ಕೆಲವೇ ತಿಂಗಳಲ್ಲಿ ಹರಿದು ಒಳಗೆ ನೀರು ಸೇರುತ್ತದೆ. ಕ್ಲಿಪ್ ಸರಿಸಿ ಬೂಟನ್ನು ಬಿಡಿಸಿದ ಮೇಲೇ ರಾಡ್ ತಿರುಗಿಸಬೇಕು. ಎರಡನೆಯದು, ಲಾಕ್ ನಟ್ ಪೂರ್ತಿ ಬಿಗಿಯದೇ ಬಿಟ್ಟರೆ ಟೋ ನಿಧಾನಕ್ಕೆ ಜಾರುತ್ತದೆ. ಆರು ತಿಂಗಳ ನಂತರದ 'ಮಾಡುವ ಮುಂಚಿನ' ಅಂಕಿ ಹಿಂದಿನ ಸಲದ 'ಮಾಡಿದ ಮೇಲಿನ' ಅಂಕಿಗೆ ಹೋಲಿಸಿ ನೋಡಿ. ಗುಂಡಿಗೆ ಬಿದ್ದಿಲ್ಲ, ಕರ್ಬಿಗೆ ತಾಗಿಸಿಲ್ಲ, ಆದರೂ ಪ್ರತಿ ಸಲ ಒಂದೇ ಕಡೆ ಬದಲಾಗುತ್ತಿದ್ದರೆ ಒಂದೋ ನಟ್ ಸಡಿಲ, ಇಲ್ಲವೇ ಟೈ ರಾಡ್ ಎಂಡ್ ಅಥವಾ ಬುಷ್ ಸವೆದಿದೆ. ಈ ಹೋಲಿಕೆ ಲೈಫ್‌ಟೈಮ್ ಪ್ಲಾನಿನವರಿಗೆ ಮಾತ್ರ ಪುಕ್ಕಟೆ ಸಿಗುತ್ತದೆ. ನನ್ನ ಮಟ್ಟಿಗೆ ಪ್ಲಾನಿನ ದೊಡ್ಡ ಲಾಭ ಇದೇ. ಹಾಳೆಗಳ ಫೋಟೋ ಮೈಲೇಜ್ ಸಮೇತ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.

ಅಂಗಡಿಯವರಿಗೆ ಇದರಲ್ಲಿ ಏನು ಸಿಗುತ್ತದೆ? ಪ್ರತಿ ಆರು ತಿಂಗಳಿಗೊಮ್ಮೆ ನಿಮ್ಮ ಕಾರು ಅವರ ಲಿಫ್ಟ್ ಮೇಲೆ ಬಂದು ಕೂರುತ್ತದೆ. ಜೊತೆಗೆ ಇನ್‌ಸ್ಪೆಕ್ಷನ್, ಕೊನೆಗೆ ಒಂದು ಎಸ್ಟಿಮೇಟ್. ಬಾಲ್ ಜಾಯಿಂಟ್ (ಆರ್ಮನ್ನು ಚಕ್ರಕ್ಕೆ ಸೇರಿಸುವ ಕೀಲು) ಹೋಗಿದೆ, ಸ್ಟ್ರಟ್ ಸೋರುತ್ತಿದೆ, ಸರಿಮಾಡದೆ ಅಲೈನ್‌ಮೆಂಟ್ ಮಾಡಲು ಬರುವುದಿಲ್ಲ ಅನ್ನುತ್ತಾರೆ. ಇದು ಸುಳ್ಳೇ ಆಗಿರಬೇಕಿಲ್ಲ. ಆಡುವ ಕೀಲಿನ ಮೇಲೆ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ: ಚಕ್ರ ಎತ್ತಿದಾಗ ಗಡಿಯಾರದ 12 ಮತ್ತು 6ರ ಜಾಗ ಹಿಡಿದು ಅಲ್ಲಾಡಿಸಿದಾಗ ಚಕ್ರ ಆಡಿದರೆ ದೋಷ ಬಾಲ್ ಜಾಯಿಂಟ್ ಅಥವಾ ಬೇರಿಂಗ್‌ನದು, 3 ಮತ್ತು 9ರ ಜಾಗ ಹಿಡಿದಾಗ ಆಡಿದರೆ ಟೈ ರಾಡ್‌ನದು. 'ಆ ಆಟ ನನ್ನ ಕಣ್ಣಿಗೆ ತೋರಿಸಿ' ಅಂತ ಕೇಳಿ. ತೋರಿಸಿದರೆ ನಂಬಿ, ಆದರೆ ಆ ಭಾಗವನ್ನು ಅಲ್ಲೇ ಹಾಕಿಸಬೇಕೆಂದಿಲ್ಲ. ನಿಮ್ಮ ಮೆಕ್ಯಾನಿಕ್ ಹತ್ತಿರ ಹಾಕಿಸಿ ವಾಪಸ್ ಬಂದರೆ ಅಲೈನ್‌ಮೆಂಟ್ ಪ್ಲಾನಿನಲ್ಲೇ ಆಗುತ್ತದೆ. ಸ್ಟ್ರಟ್, ಕಂಟ್ರೋಲ್ ಆರ್ಮ್, ಟೈ ರಾಡ್ ಬದಲಿಸಿದ ಮೇಲೆ ಹೇಗೂ ಅಲೈನ್‌ಮೆಂಟ್ ಬೇಕೇ ಬೇಕು. ಹಳೆಯ ಕಾರು ಇಟ್ಟುಕೊಂಡವರಿಗೆ ಪ್ಲಾನ್ ದುಡಿಯುವುದು ಆಗಲೇ.

ಹೊಸ ಕಾರುಗಳಲ್ಲಿ ಲೇನ್ ಹಿಡಿಯುವ ಕ್ಯಾಮೆರಾ, ಮುಂದಿನ ರೇಡಾರ್ ಇರುತ್ತವೆ. ಅಲೈನ್‌ಮೆಂಟ್ ಆದ ಮೇಲೆ ಹಲವು ಕಾರುಗಳಲ್ಲಿ ಸ್ಟೇರಿಂಗ್ ಆಂಗಲ್ ಸೆನ್ಸರ್‌ಗೆ ಮತ್ತೆ ಸೊನ್ನೆ ಕಲಿಸಬೇಕು. ಕೆಲವಕ್ಕೆ ಕ್ಯಾಮೆರಾ ಕ್ಯಾಲಿಬ್ರೇಶನ್ನೂ ಬೇಕು. ಸೆನ್ಸರ್ ರೀಸೆಟ್ ಸೇರಿದೆಯೇ, ಕ್ಯಾಲಿಬ್ರೇಶನ್‌ಗೆ ಬೇರೆ ಎಷ್ಟು ಎಂದು ಮುಂಚೆಯೇ ಬರೆಸಿಕೊಳ್ಳಿ. ಎತ್ತರ ತಗ್ಗಿಸಿದ ಅಥವಾ ಏರಿಸಿದ ಗಾಡಿಗೆ ಪ್ಲಾನ್ ಕೊಡುತ್ತಾರೋ ಇಲ್ಲವೋ ಅದನ್ನೂ ಕೇಳಿ.

ಹಾಳೆಯೆಲ್ಲ ಹಸಿರಿದ್ದರೂ ಕಾರು ಒಂದು ಕಡೆ ಎಳೆಯುತ್ತಿದ್ದರೆ ಅಲೈನ್‌ಮೆಂಟನ್ನೇ ಮತ್ತೆ ಮತ್ತೆ ಮಾಡಿಸಬೇಡಿ. ಮುಂದಿನ ಎಡ ಬಲ ಟೈರ್ ಅದಲುಬದಲು ಮಾಡಿಸಿ (ಒಂದೇ ದಿಕ್ಕಿಗೆ ತಿರುಗಬೇಕಾದ ಟೈರುಗಳಾದರೆ ಇದು ಆಗದು). ಎಳೆತ ದಿಕ್ಕು ಬದಲಿಸಿದರೆ ದೋಷ ಟೈರಿನದು, ಟೈರ್ ಕೊಟ್ಟವರ ಹತ್ತಿರ ಹೋಗಿ. ಬದಲಾಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆಯೇ ನೋಡಿಸಿ. ಹೆದ್ದಾರಿಯ ಬಲ ಲೇನಿನಲ್ಲಿ ಮೆಲ್ಲಗೆ ಬಲಕ್ಕೆ ಹೋಗುವುದು ರಸ್ತೆಯ ಇಳಿಜಾರು, ಕಾರಿನ ತಪ್ಪಲ್ಲ.

ಮೂರು ವರ್ಷದ ಲೀಸಿಗೆ ಇದು ಬೇಡ. ವರ್ಷದೊಳಗೆ ಮಾರುವ ಕಾರಿಗೂ ಬೇಡ. ಹತ್ತಿರದ ಶಾಖೆ 40 ಮೈಲಿ ದೂರವಿದ್ದರೆ ಖಂಡಿತ ಬೇಡ. ಐದಾರು ವರ್ಷ ಇಟ್ಟುಕೊಳ್ಳುವ, ದಿನಾ ಗುಂಡಿ ಹಾರುವ, ತುಕ್ಕು ಹತ್ತದ ಕಾರಿಗೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಟೈರ್ ಹೊಸದಾಗಿ ಹಾಕಿಸಿದ ವಾರವೇ ಕೊಂಡರೆ ಲಾಭ ಹೆಚ್ಚು. ಅರ್ಧ ಸವೆದು ಗರಗಸವಾದ ಟೈರನ್ನು ಯಾವ ಅಲೈನ್‌ಮೆಂಟೂ ಮತ್ತೆ ನುಣ್ಣಗೆ ಮಾಡುವುದಿಲ್ಲ.

ಅಪಾಯಿಂಟ್‌ಮೆಂಟ್ ವಾರದ ದಿನ ಬೆಳಿಗ್ಗೆಯ ಮೊದಲ ಸರದಿಗೆ ಮಾಡಿ, ಶನಿವಾರ ಬೇಡ. ಶನಿವಾರದ ಗದ್ದಲದಲ್ಲಿ ಅಂಕಿ ಹಸಿರಾದ ಕೂಡಲೇ ಕಾರು ಇಳಿಸುತ್ತಾರೆ, ಮಿತಿಯ ನಡುವಿಗೆ ತರುವಷ್ಟು ಪುರುಸೊತ್ತು ಇರುವುದಿಲ್ಲ. ಹೋಗುವ ಮುಂಚೆ ನಾಲ್ಕೂ ಟೈರಿಗೆ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ ತುಂಬಿ. ಡಿಕ್ಕಿಯಲ್ಲಿ 20 ಪೌಂಡಿನ ಸೋನಾ ಮಸೂರಿ ಮೂಟೆಗಳೇನಾದರೂ ಇದ್ದರೆ ಮನೆಯಲ್ಲೇ ಇಳಿಸಿ ಹೋಗಿ.