ಎರಡು ತೂತಿನ ಕ್ರ್ಯಾಂಕ್: ಒಂದೇ ಜೊತೆಯಲ್ಲಿ 150, 127

ನನ್ನ 29 ಇಂಚಿನ ಯುನಿಸೈಕಲ್‌ಗೆ, ಅಂದರೆ ಒಂದೇ ಚಕ್ರದ ಸೈಕಲ್‌ಗೆ, ಎರಡು ತೂತಿನ ಅಲ್ಯೂಮಿನಿಯಂ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕಿದ್ದೇನೆ. ಹೊರಗಿನ ತೂತಿಗೆ ಪೆಡಲ್ ಕೂರಿಸಿದರೆ 150 ಮಿ.ಮೀ., ಒಳಗಿನದಕ್ಕೆ ಕೂರಿಸಿದರೆ 127. ಯಾವ ಉದ್ದ ತಗೊಳ್ಳಲಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಇದನ್ನೇ: ಮೊದಲ ಜೊತೆ ಎರಡು ತೂತಿನದ್ದಿರಲಿ.

ಸಾಮಾನ್ಯ ಯುನಿಸೈಕಲ್‌ಗೆ ಗೇರ್ ಇಲ್ಲ, ಪೆಡಲ್ ನಿಲ್ಲಿಸಿದರೂ ಚಕ್ರ ಉರುಳುತ್ತಿರಲು ಬಿಡುವ ಫ್ರೀವೀಲ್ ಇಲ್ಲ. ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಹಾಗಾಗಿ ಗೇರ್ ಮಾಡಬೇಕಾದ ಕೆಲಸ ಕ್ರ್ಯಾಂಕ್‌ನ ಉದ್ದದ ಮೇಲೆ ಬೀಳುತ್ತದೆ. 29ರ ಚಕ್ರ ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ಅಷ್ಟರಲ್ಲಿ 150ರ ಪೆಡಲ್ ಮೇಲಿನ ಪಾದ 94 ಸೆಂ.ಮೀ. ತಿರುಗುತ್ತದೆ, 127ರಲ್ಲಿ 80 ಸೆಂ.ಮೀ. 10 ಕಿ.ಮೀ. ಹೋಗುವಷ್ಟರಲ್ಲಿ 127ರಲ್ಲಿ ಒಂದೊಂದು ಪಾದಕ್ಕೂ 600 ಮೀಟರ್‌ಗಿಂತ ಜಾಸ್ತಿ ಸುತ್ತಾಟ ಉಳಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕಾಲು ಹಗುರವಾಗಿ ತಿರುಗುತ್ತದೆ, ಸೊಂಟದ ಓಲಾಟ ಕಡಿಮೆಯಾಗುತ್ತದೆ, ಸೀಟಿನ ಮೇಲೆ ಮೈ ನೆಮ್ಮದಿಯಾಗಿ ಕೂರುತ್ತದೆ. ನನಗೆ 127 ಅಂದರೆ ತುಂಬಾ ಇಷ್ಟ.

ಆದರೆ ಏರು ಬಂತು ಅಂದರೆ 150 ಬೇಕೇ ಬೇಕು. ಅದೇ ಕಾಲಿನ ಬಲಕ್ಕೆ ಸುಮಾರು 18 ಶೇಕಡ ಹೆಚ್ಚು ತಿರುಚುವ ಶಕ್ತಿ ಸಿಗುತ್ತದೆ. ಇಳಿಜಾರಿನಲ್ಲೂ ಹಾಗೆಯೇ. ಚಕ್ರವನ್ನು ತಡೆದು ಹಿಡಿಯುವುದು ಕಾಲೇ ಅಲ್ವಾ? ಉದ್ದ ಕ್ರ್ಯಾಂಕ್ ಇದ್ದರೆ ಹಿಡಿತ ಸುಲಭ. ಬ್ರೇಕ್ ಇಲ್ಲದೆ ಗುಡ್ಡದ ಕಡೆ ಹೋಗುವವರು 127ರಲ್ಲಿ ಇಳಿಯುವ ಸಾಹಸ ಮಾಡಬೇಡಿ.

ತೂತು ಬದಲಿಸಲು ಪೆಡಲ್ ಸ್ಪ್ಯಾನರ್ ಒಂದಿದ್ದರೆ ಸಾಕು. ಎಡ ಪೆಡಲ್‌ನ ತಿರುಪಿನ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಅದನ್ನು ಮರೆಯಬೇಡಿ. ಒಳಗಿನ ತೂತಿಗೆ ಬಂದ ಮೇಲೆ ಸೀಟನ್ನು 23 ಮಿ.ಮೀ. ಮೇಲೆತ್ತಿ, ಏಕೆಂದರೆ ಕೆಳಗಿನ ಪೆಡಲ್ ಅಷ್ಟೇ ಮೇಲೆ ಬಂದಿರುತ್ತದೆ. ಇದನ್ನು ಬಿಟ್ಟರೆ ಮಂಡಿ ಸುಮ್ನೆ ನೋಯುತ್ತದೆ.

ಕೊರತೆಯೂ ಇದೆ. ಒಂದೇ ತೂತಿನ 127ಕ್ಕಿಂತ ಇದು ಭಾರ. 127ರಲ್ಲಿ ಓಡಿಸುವಾಗ ಕ್ರ್ಯಾಂಕ್‌ನ ತುದಿ ಪೆಡಲ್‌ನಿಂದಾಚೆ ಚಾಚಿಕೊಂಡೇ ಇರುತ್ತದೆ. ಪಾದ ಒಳಗೆ ಜಾರಿದರೆ ಶೂ ಅದಕ್ಕೆ ಉಜ್ಜುತ್ತದೆ. ನಾನು ಅಗಲವಾದ ಪೆಡಲ್ ಹಾಕಿ ಪಾದವನ್ನು ಸ್ವಲ್ಪ ಹೊರಗೆ ಇಡುತ್ತೇನೆ, ತೊಂದರೆ ಇಲ್ಲ.

ಕೊಳ್ಳುವ ಮುಂಚೆ ಹಬ್, ಅಂದರೆ ಆಕ್ಸಲ್ ಇರುವ ಚಕ್ರದ ನಡುಭಾಗ, ಯಾವುದು ಎಂದು ಖಚಿತ ಮಾಡಿಕೊಳ್ಳಿ. ನನ್ನದು ಐಸಿಸ್, ಹಲ್ಲುಹಲ್ಲಿನ ಆಕ್ಸಲ್. ಚೌಕ ಆಕ್ಸಲ್‌ಗೆ, ಅಂದರೆ ಸ್ಕ್ವೇರ್ ಟೇಪರ್‌ಗೆ, ಇದು ಕೂರುವುದೇ ಇಲ್ಲ. ಕ್ಯೂ-ಆಕ್ಸಲ್ ಎಂಬುದು ಆಕ್ಸಲ್‌ನ ಇನ್ನೊಂದು ಬಗೆ. ಚೌಕದ್ದು ಇರುವವರು ಬೋಲ್ಟ್ ಬಿಗಿಯನ್ನು ಆಗಾಗ ನೋಡುತ್ತಿರಬೇಕು. ಸಡಿಲವಾದ ಮೇಲೂ ಓಡಿಸಿದರೆ ಆಕ್ಸಲ್ ಕೂರುವ ಮೆತ್ತಗಿನ ಅಲ್ಯೂಮಿನಿಯಂ ತೂತು ಸವೆದು ಆ ಕ್ರ್ಯಾಂಕ್ ಮತ್ತೆ ನಿಲ್ಲುವುದಿಲ್ಲ. ಎಡ-ಬಲ ಅದಲು ಬದಲಾಗದಂತೆಯೂ ನೋಡಿಕೊಳ್ಳಿ. ಚಕ್ರ ಹಿಂದುಮುಂದಾಗಿ ಕೂತರೆ ಓಡಿಸುತ್ತಾ ಪೆಡಲ್ ತಾನಾಗಿ ಕಳಚಿಕೊಳ್ಳುತ್ತದೆ.

36 ಇಂಚಿಗೆ ಹೊಸದಾಗಿ ಬರುವವರಿಗೂ ಇದೇ ಜೊತೆ ಚೆನ್ನ. 150ರಲ್ಲಿ ಶುರು ಮಾಡಿ, ಹತ್ತುವುದು ಇಳಿಯುವುದು ಹದಕ್ಕೆ ಬಂದ ಮೇಲೆ ಒಳಗಿನ ತೂತಿಗೆ ಹೋಗಿ. 20 ಇಂಚಿನಲ್ಲಿ ಕಲಿಯುವವರಿಗೆ ಇದರ ಅಗತ್ಯವಿಲ್ಲ, 125 ಅಥವಾ ಅದರ ಆಸುಪಾಸಿನ ಸಾದಾ ಕ್ರ್ಯಾಂಕ್ ಸಾಕು. ತುಂಬಾ ದಿನದಿಂದ ಒಂದೇ ಉದ್ದದಲ್ಲಿ ಓಡಿಸುತ್ತಾ, ಅದೇ ಸರಿ ಎಂದು ಗೊತ್ತಾಗಿರುವವರು ಒಂದೇ ತೂತಿನದ್ದು ಕೊಳ್ಳಲಿ. ಭಾರವೂ ಕಡಿಮೆ, ಶೂಗೂ ಉಜ್ಜುವುದಿಲ್ಲ.